ರಾತ್ರಿ ಹೊಳ್ಳಿಸಿ ಮಲಗಿಸುವವರು ಯಾರು?

ದಿನಚರಿಯ ಪುಟಗಳು: ಸ್ಟೇಷನ್ ರಸ್ತೆ, ವಿಜಯಪುರ

9 ಡಿಸೆಂಬರ್ 2024, ಸೋಮವಾರ

ಅವ್ವನಿಗೆ ಗುರುವಾರ ಡಿಸ್ಚಾರ್ಜ್ ಎಂದು ಡಾಕ್ಟರು ಹೇಳಿದರು. ಬಿ.ಪಿ. ಹತೋಟಿಗೆ ಬಂದಿದೆ. ಮೂಗಿನ ನಳಿಕೆ ತೆಗೆದಿದ್ದಾರೆ, ಚಮಚದಲ್ಲಿ ಕೊಟ್ಟ ಅಂಬಲಿ ನುಂಗುತ್ತಾಳೆ. ಮೆದುಳಿನ ಬಲಭಾಗಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದ್ದರಿಂದ ಎಡಗೈ, ಎಡಗಾಲು ಎರಡೂ ಬಿದ್ದಿವೆ. ಮಾತು ತೊದಲುತ್ತದೆ. ತಿಳಿವಳಿಕೆ ಮಾತ್ರ ಮೊದಲಿನಂತೆಯೇ ಚೊಕ್ಕ ಇದೆ.

ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಬರುತ್ತದೆ. ಅವ್ವಗೆ ಆದದ್ದು ನಿದ್ದೆಯಲ್ಲಿ. ತಿಕೋಟಾ ಕಡೆಯ ಅಣ್ಣನ ಹೊಲದ ಮನೆಯಲ್ಲಿ ನಸುಕಿನಲ್ಲಿ ಏಳಲು ಹೋಗಿ ಮಂಚದ ಮಗ್ಗುಲಿಗೆ ವಾಲಿದಾಗಲೇ ಅಣ್ಣನ ಹೆಂಡತಿ ವೈನಿಗೆ ಗೊತ್ತಾಗಿದ್ದು. ಯಾವ ಹೊತ್ತಿಗೆ ಶುರುವಾಯಿತು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

"ಮುಂದ ಎಲ್ಲಿ ಇಟ್ಕೋತೀರಿ?" ಎಂದು ಡಾಕ್ಟರು ಕೇಳಿದರು. ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಮ್ಮದು ಎರಡನೇ ಅಂತಸ್ತಿನ ಬಾಡಿಗೆ ಮನೆ, ಲಿಫ್ಟ್ ಇಲ್ಲ, ಮೆಟ್ಟಿಲು ಇಕ್ಕಟ್ಟು. ನಾನು ಶಾಲೆಗೆ, ಯಜಮಾನರು ಡ್ಯೂಟಿಗೆ. ಅಣ್ಣನ ಮನೆ ನೆಲದ ಮಟ್ಟದಲ್ಲಿದೆ, ಗಾಳಿ ಬೆಳಕು ಎಲ್ಲ ಇದೆ. ಆದರೆ ದ್ರಾಕ್ಷಿ ಪಡದಲ್ಲಿ ಗೊನೆ ತುಂಬುವ ಕಾಲ. ಔಷಧ ಸಿಂಪರಣೆ, ನೀರು, ಆಳು ಎಂದು ಅಣ್ಣ ವೈನಿ ಇಬ್ಬರಿಗೂ ಸಂಜೆತನಕ ಬಿಡುವಿಲ್ಲ. ಹೊಲಕ್ಕೆ ದಿನಾ ಫಿಜಿಯೋಥೆರಪಿ ಮಾಡಲು ಬರುವವರೂ ಸಿಗುವುದಿಲ್ಲ.

11 ಡಿಸೆಂಬರ್, ಬುಧವಾರ

ಫಿಜಿಯೋ ಹುಡುಗಿ ಇವತ್ತು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲ ತೋರಿಸಿದಳು. ಮರೆಯುವ ಮೊದಲು ಬರೆದಿಡುತ್ತೇನೆ.

ಬಿದ್ದ ಕೈಯನ್ನು ಹಿಡಿದು ಎಂದೂ ಎಳೆದು ಎಬ್ಬಿಸಬಾರದು. ಸ್ನಾಯು ಸಡಿಲಾದ ಭುಜ ಕೀಲಿನಿಂದ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಕುಳಿತಾಗ ಎಡಗೈ ಜೋಲಾಡದಂತೆ ಕೆಳಗೆ ದಿಂಬು ಇಡಬೇಕು. ಉಣಿಸುವಾಗ ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಕೆಳಗೆ. ಉಂಡ ಮೇಲೆ ಅರ್ಧ ಗಂಟೆ ಕೂಡ್ರಿಸಬೇಕು. ಮಲಗಿಸಿ ನೀರು ಕುಡಿಸಿದರೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಲದ ಮೂಳೆ, ಹಿಮ್ಮಡಿ, ಸೊಂಟದ ಎಲುಬು, ಈ ಮೂರು ಜಾಗ ದಿನಾ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಕಡೆ ಬೆರಳಿನಿಂದ ಒತ್ತಿದಾಗ ಬಿಳಚಿಕೊಂಡು ಮತ್ತೆ ಕೆಂಪಾದರೆ ಚಿಂತೆಯಿಲ್ಲ. ಒತ್ತಿದರೂ ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ.

"ಮೊದಲ ಮೂರು ತಿಂಗಳು ಭಾಳ ಮುಖ್ಯ ನೋಡ್ರಿ ಟೀಚರ. ಸುಧಾರಣೆ ಜೋರಾಗಿ ಆಗೂದು ಆವಾಗ," ಎಂದಳು. ಆಮೇಲೂ ಆಗುತ್ತದೆ, ನಿಧಾನವಾಗಿ.

ಹಾಗಾದರೆ ನಾನು ಹುಡುಕಬೇಕಾದದ್ದು ಅವ್ವನನ್ನು ಎದ್ದು ನಿಲ್ಲಿಸುವ ಜಾಗ. ಇಟ್ಟುಕೊಂಡು ಕಾಯುವ ಜಾಗದಿಂದ ನಡೆಯುವುದಿಲ್ಲ.

13 ಡಿಸೆಂಬರ್, ಶುಕ್ರವಾರ

ನಿನ್ನೆ ಕುರ್ಚಿಯಲ್ಲಿ ಕೂಡ್ರಿಸಿ, ಓಣಿಯ ನಾಲ್ಕು ಹುಡುಗರು ಮೆಟ್ಟಿಲು ಹತ್ತಿಸಿದರು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ರಜೆ ಹಾಕಿದ್ದೇನೆ.

ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು. ಒಬ್ಬಳೇ ಹೊಳ್ಳಿಸಲು ಆಗಲಿಲ್ಲ, ಇವರನ್ನು ಎಬ್ಬಿಸಿದೆ. ಹಾಸಿಗೆಯ ಮೇಲೆ ಅಡ್ಡ ಹಾಸಿದ ದುಪ್ಪಟಿಯ ಎರಡು ತುದಿ ಹಿಡಿದು ಜಗ್ಗಿದರೆ ಚರ್ಮ ತಿಕ್ಕುವುದಿಲ್ಲ ಎಂದು ಎರಡನೇ ಸಲಕ್ಕೆ ತಿಳಿಯಿತು. ಡೈಪರ್ ಬದಲಿಸುವಾಗ ಅವ್ವ ಗೋಡೆಯ ಕಡೆ ಮುಖ ಮಾಡಿದಳು. ನಾನು ಚಿಕ್ಕಂದಿನ ಜೋಳದ ರಾಶಿಯ ಮಾತು ತೆಗೆದು ಮಾತಾಡುತ್ತಲೇ ಕೆಲಸ ಮುಗಿಸಿದೆ.

ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಒಂದು ದಿನದ ಬಟ್ಟೆ, ಹಾಸಿಗೆ, ಮೈ ತೊಳೆಯುವುದಕ್ಕೆ ಎಷ್ಟು ಕೊಡ ಬೇಕೆಂದು ಈಗ ಗೊತ್ತಾಗುತ್ತಿದೆ. ಯಾವ ಜಾಗ ನೋಡಲು ಹೋದರೂ ನೀರಿನ ಟಾಕಿಯ ವಿಚಾರ ಕೇಳಬೇಕು.

ಎಲ್ಲವನ್ನೂ ನನ್ನ ಕೈಯಿಂದ ಮಾಡುತ್ತಿರುವುದು ಒಳ್ಳೆಯದೇ ಆಗಿದೆ. ಇನ್ನೊಬ್ಬರಿಗೆ ಏನು ಕೇಳಬೇಕೆಂದು ಕೈಗೆ ತಿಳಿಯುತ್ತಿದೆ.

15 ಡಿಸೆಂಬರ್, ಭಾನುವಾರ

ಊರ ಹೊರಗಿನ ವೃದ್ಧಾಶ್ರಮವೊಂದಕ್ಕೆ ಹೋಗಿದ್ದೆ. ಬೇವಿನ ಗಿಡಗಳು, ಒಪ್ಪವಾದ ಅಂಗಳ, ಸಾಲು ಕೋಣೆಗಳು. ಮಧ್ಯಾಹ್ನದ ಊಟದ ಹೊತ್ತು. ಬಿಸಿ ರೊಟ್ಟಿ, ಕಾಳು ಪಲ್ಲೆ. ಅಜ್ಜಿಯರು ಒಬ್ಬರ ತಾಟಿಗೊಬ್ಬರು ಚಟ್ನಿ ನೀಡುತ್ತಿದ್ದರು. ನೋಡಿಕೊಳ್ಳುವವರು ಮನಸ್ಸಿಟ್ಟು ಮಾಡುವ ಜನ, ಅನುಮಾನವಿಲ್ಲ.

ಅವ್ವನ ಸ್ಥಿತಿ ಹೇಳಿದೆ. "ತಮ್ಮ ಕೆಲಸ ತಾವ ಮಾಡ್ಕೊಳ್ಳೋವ್ರನ್ನಷ್ಟ ತಗೋತೀವ್ರಿ ಅಕ್ಕಾರ. ಹಾಸಿಗಿ ಹಿಡದವ್ರನ್ನ ನೋಡ್ಕೊಳ್ಳಾಕ ನಮ್ಮಲ್ಲಿ ನರ್ಸ್ ಇಲ್ಲ. ಇಟ್ಕೊಂಡು ನಾವು ಹಾಳ ಮಾಡಬಾರದಲ್ಲ?" ಎಂದರು. ಆ ಮಾತಿನ ಪ್ರಾಮಾಣಿಕತೆಗೆ ಕೈಮುಗಿದು ಬಂದೆ. ಆಗದ್ದನ್ನು ಆಗುವುದಿಲ್ಲ ಎಂದು ಬಾಗಿಲಲ್ಲೇ ಹೇಳುವುದೂ ಒಂದು ದೊಡ್ಡ ಗುಣ.

17 ಡಿಸೆಂಬರ್, ಮಂಗಳವಾರ

ಶಾಲೆಗೆ ಅರ್ಧ ದಿನ ಹೋಗಿ ಬಂದೆ. ಸ್ಟಾಫ್ ರೂಮಿನಲ್ಲಿ ವಿಚಾರ ತಿಳಿದು ಹಿಂದಿ ಟೀಚರು ತಮ್ಮ ವಕೀಲ ಅಳಿಯನಿಗೆ ಫೋನು ಹಚ್ಚಿ ಕೊಟ್ಟರು. ಅರ್ಧ ಗಂಟೆ ಹೇಳಿದ.

ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ತಂದೆತಾಯಿ ದೂರು ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶ ಮಾಡಲು ಬರುತ್ತದೆ. ಆರೈಕೆ ಮಾಡುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಬರಹ ರದ್ದಾಗಬಹುದು. ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ 150 ಮಂದಿ ಹಿಡಿಯುವ ವೃದ್ಧಾಶ್ರಮ ಮಾಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ, ಆದರೆ ಅದು ನಿರ್ಗತಿಕರಿಗೆ. ಸಂಕಟಕ್ಕೆ ಹಿರಿಯರ ಸಹಾಯವಾಣಿ 14567 ಇದೆ.

ಜಿಲ್ಲಾ ಆಸ್ಪತ್ರೆಯ ದಾರಿಯನ್ನೂ ವಿಚಾರಿಸಿದೆ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010–11ರಲ್ಲಿ ಶುರುವಾದದ್ದು. ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆಂದೇ 10 ಹಾಸಿಗೆಯ ವಾರ್ಡು ಇರಬೇಕೆಂಬುದು ಅದರ ಯೋಜನೆ. ಅದು ಕಾಯಿಲೆಯ ಚಿಕಿತ್ಸೆಗೆ, ತಿಂಗಳಾನುಗಟ್ಟಲೆ ಇರುವುದಕ್ಕಲ್ಲ.

ಇದನ್ನೆಲ್ಲ ಒಂದು ಕಡೆ ಇಟ್ಟು ನೋಡಿದಾಗ ಅವ್ವ ಯಾವ ಪಟ್ಟಿಗೂ ಸೇರುವುದಿಲ್ಲ. ಮಕ್ಕಳಿದ್ದಾರೆ, ಆದ್ದರಿಂದ ನಿರ್ಗತಿಕಳಲ್ಲ. ಚಿಕಿತ್ಸೆ ಮುಗಿದಿದೆ, ಆದ್ದರಿಂದ ಆಸ್ಪತ್ರೆಯ ರೋಗಿಯಲ್ಲ. ನಡೆಯಲು ಬಾರದು, ಆದ್ದರಿಂದ ವೃದ್ಧಾಶ್ರಮಕ್ಕೂ ಅಲ್ಲ. 2011ರ ಜನಗಣತಿಯಲ್ಲೇ ಈ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಅವರಲ್ಲಿ ಅವ್ವನಂಥವರು ಎಷ್ಟು ಮನೆಗಳಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೋ.

ಗಣಿತದ ಟೀಚರ ಅಕ್ಕ ಕಾಸರಗೋಡಿನಲ್ಲಿದ್ದಾರೆ. ಅಲ್ಲಿ ಪಂಚಾಯತಿಯ ನರ್ಸ್ ಮನೆಗೇ ಬಂದು ಹಾಸಿಗೆ ಹಿಡಿದವರ ಹುಣ್ಣು ತೊಳೆದು, ಕ್ಯಾಥೆಟರ್ ಬದಲಿಸಿ, ಮನೆಯವರಿಗೆ ಕಲಿಸಿ ಹೋಗುತ್ತಾರಂತೆ. ಕೇರಳ 2008ರಲ್ಲೇ ಇದಕ್ಕೆಂದು ನೀತಿ ಮಾಡಿಕೊಂಡ ರಾಜ್ಯ. ಒಂದೇ ಭಾಷೆ ಮಾತಾಡುವ ಎರಡು ಮನೆಗಳ ನಡುವೆ ಇಷ್ಟು ಅಂತರ ಇರಬಾರದು.

18 ಡಿಸೆಂಬರ್, ಬುಧವಾರ

ನಮ್ಮ ರಸ್ತೆಯಲ್ಲೇ ಇರುವ ನರ್ಸಿಂಗ್ ಹೋಮ್. ನಡೆದರೆ ಹತ್ತು ನಿಮಿಷ. ಒಳಗೆ ಹೊಳೆಯುವ ಟೈಲ್ಸು, ಎ.ಸಿ. ಕೋಣೆ, ಟಿ.ವಿ. ಮ್ಯಾನೇಜರ್ ಸೌಜನ್ಯದಿಂದ ಕೋಣೆ ತೋರಿಸಿದರು. ನನಗೆ ಬೇಕಾದದ್ದು ಬೇರೆ ಇತ್ತು.

ಕರೆಗಂಟೆಯ ಗುಂಡಿ ಹಾಸಿಗೆಯ ತಲೆದೆಸೆಗೆ, ಗೋಡೆಯ ಮೇಲೆ ಎತ್ತರದಲ್ಲಿದೆ. ಒಂದೇ ಕೈ ಓಡುವ ಮನುಷ್ಯರಿಗೆ ಅದು ಎಟುಕುವುದಿಲ್ಲ. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಹಿರಿಯರೊಬ್ಬರ ಬಲಗೈಯನ್ನು ಗಾಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಯಾಕೆಂದು ಕೇಳಿದೆ. "ನಳಿಕಿ ಕಿತ್ಕೋತಾರ್ರಿ," ಎಂದರು. ಮೂತ್ರದ ಚೀಲ ನೆಲಕ್ಕೆ ತಾಗಿ ಬಿದ್ದಿತ್ತು. ಅದು ನೆಲ ಮುಟ್ಟಬಾರದು, ಸೋಂಕು ಏರುತ್ತದೆ. ಇದನ್ನು ಆಸ್ಪತ್ರೆಯ ಆಯಾನೇ ನನಗೆ ಕಲಿಸಿದ್ದಳು.

"ರಾತ್ರಿ ಹೊಳ್ಳಿಸಿ ಮಲಗಿಸುವವರು ಯಾರು? ಬರೆದಿಡುತ್ತೀರಾ?" ಎಂದು ಕೇಳಿದೆ. "ಅದೆಲ್ಲಾ ನಾವ್ ನೋಡ್ಕೋತೀವ್ರಿ ಮೇಡಂ, ನೀವ್ ನಿಶ್ಚಿಂತಿ ಇರ್ರಿ." ಪಟ್ಟಿ ತೋರಿಸಲಿಲ್ಲ. ಎಷ್ಟು ಸಿಬ್ಬಂದಿ ರಾತ್ರಿ ಇರುತ್ತಾರೆ ಎಂದಾಗ ಹಗಲಿನ ಸಿಬ್ಬಂದಿಯ ಲೆಕ್ಕ ಹೇಳಿದರು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ರಾಜ್ಯ ಕಾಯ್ದೆಯಂತೆ ನೋಂದಣಿ ಪತ್ರವೂ ದರಪಟ್ಟಿಯೂ ಜನರಿಗೆ ಕಾಣುವಂತೆ ಇರಬೇಕು. ಪತ್ರ ಇತ್ತು, ದರಪಟ್ಟಿ ಇರಲಿಲ್ಲ. ಬಾಯಲ್ಲಿ ಹೇಳಿದ ಮೊತ್ತ ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು. ಫಿಜಿಯೋ, ಡೈಪರ್, ಔಷಧ ಬೇರೆ.

ಬೇಡ. ಕೈ ಕಟ್ಟಿಸಿಕೊಂಡ ಆ ಹಿರಿಯರ ಕಣ್ಣು ನನ್ನನ್ನೇ ನೋಡುತ್ತಿತ್ತು.

20 ಡಿಸೆಂಬರ್, ಶುಕ್ರವಾರ

ಎರಡನೆಯ ನರ್ಸಿಂಗ್ ಹೋಮಿಗೆ ಬೇಕೆಂದೇ ರಾತ್ರಿ ಒಂಬತ್ತೂವರೆಗೆ ಹೋದೆ. ಹೇಳಿರಲಿಲ್ಲ. ಸ್ಟೇಷನ್ ರಸ್ತೆಯಿಂದ ಒಳಗೆ ಹೊಕ್ಕ ಓಣಿಯಲ್ಲಿ ಹಳೆಯ ಕಟ್ಟಡ, ಸುಣ್ಣ ಅಲ್ಲಲ್ಲಿ ಉದುರಿದೆ. ಎಲ್ಲ ನೆಲಮಟ್ಟದಲ್ಲಿ. ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಸಿಸ್ಟರ್ ಎದ್ದು ಬಂದು ಯಾರು, ಏನು ಎಂದು ಕೇಳಿ, ಐದು ನಿಮಿಷ ನಿಲ್ಲಿರಿ ಎಂದು ಕೆಲಸಕ್ಕೆ ಹೋದರು. ನಿಂತಲ್ಲಿಂದಲೇ ನೋಡಿದೆ.

ಬಬಲೇಶ್ವರ ಕಡೆಯ ಮಾತಿನ ಆಯಾ ಒಬ್ಬಾಕೆ ಮೂಲೆಯ ಮಂಚದ ಹತ್ತಿರ ಬಗ್ಗಿ, "ಕಾಕಾ, ಈಗ ಹೊಳ್ಳಸ್ತೀನ್ರಿ, ಗಾಬರಿ ಆಗಬ್ಯಾಡ್ರಿ," ಎಂದು ಹೇಳಿ, ಇನ್ನೊಬ್ಬಳನ್ನು ಕರೆದು, ದುಪ್ಪಟಿಯ ತುದಿ ಹಿಡಿದು ಹೊಳ್ಳಿಸಿದಳು. ಬೆನ್ನಿಗೆ ದಿಂಬು, ಮೊಣಕಾಲುಗಳ ನಡುವೆ ದಿಂಬು. ಹಿಮ್ಮಡಿ ಎತ್ತಿ ನೋಡಿದಳು. ಮಂಚಕ್ಕೆ ತೂಗುಹಾಕಿದ ಹಾಳೆಯ ಮೇಲೆ ಗಂಟೆ ಬರೆದಳು. ಆ ಕಾಕಾಗೆ ಎಚ್ಚರವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಳು ಮಾತ್ರ ಹೇಳಿಯೇ ಮುಟ್ಟಿದಳು.

ಆಮೇಲೆ ಸಿಸ್ಟರ್ ಜೊತೆ ಮಾತಾಡಿದೆ. ಕೊರತೆಗಳನ್ನೂ ಬರೆದುಕೊಳ್ಳಬೇಕು: ಹಿರಿಯರ ಕಾಯಿಲೆಯ ವಿಶೇಷ ತಜ್ಞರಿಲ್ಲ; ಫಿಜಿಯೋ ದಿನಕ್ಕೊಮ್ಮೆ, ಭಾನುವಾರ ಬರುವುದಿಲ್ಲ; ಕರೆಂಟ್ ಹೋದರೆ ಜನರೇಟರ್ ದೀಪ, ಫ್ಯಾನಿಗಷ್ಟೇ, ಏರ್‌ಬೆಡ್ಡಿನ ಪಂಪಿಗೆ ಬೇರೆ ವ್ಯವಸ್ಥೆ ಆಗಬೇಕು; ಬಾತ್‌ರೂಮಿನಲ್ಲಿ ಹಿಡಿಕೆ ಒಂದೇ ಕಡೆ ಇದೆ. ರಾತ್ರಿ ಒಬ್ಬ ಸಿಸ್ಟರ್, ಇಬ್ಬರು ಆಯಾಗಳು. ನೀರಿಗೆ ಬೋರ್‌ವೆಲ್, ಟಾಕಿ ಎರಡೂ ಇವೆ. ದರ ಬೋರ್ಡಿನ ಮೇಲೆ ಬರೆದಿದೆ. ನಮಗೆ ಕಷ್ಟವಾದರೂ ನಿಭಾಯಿಸಬಹುದು.

ಸಿಸ್ಟರ್ ನನಗೇ ತಿರುಗಿ ಪ್ರಶ್ನೆ ಕೇಳಿದರು. ಅಮ್ಮಾರು ಬಲಗೈಯಿಂದ ಏನೇನು ಮಾಡಿಕೊಳ್ಳುತ್ತಾರೆ? ಏನು ಉಣ್ಣಲು ಇಷ್ಟ? ರಾತ್ರಿ ದೀಪ ಬೇಕೋ ಬೇಡವೋ? ಸಿಟ್ಟು ಬಂದರೆ ಹೇಗೆ? ನಾನು ನೋಡಿದ ಜಾಗಗಳಲ್ಲಿ ಅವ್ವನ ಬಗ್ಗೆ ಇಷ್ಟು ಕೇಳಿದವರು ಇವರೊಬ್ಬರೇ.

ಮರಳುವಾಗ ಗೋಳಗುಮ್ಮಟದ ಮುಂದೆ ಹಾದು ಬಂದೆ. ಒಳಗೆ ಮಲಗಿರುವ ಮಹಮ್ಮದ್ ಆದಿಲ್‌ಶಾಹ 1656ರಲ್ಲಿ ಸತ್ತದ್ದು ವರ್ಷಗಟ್ಟಲೆ ಕಾಯಿಲೆ ಅನುಭವಿಸಿ. ಮಕ್ಕಳಿಗೆ ಗುಮ್ಮಟದ ವ್ಯಾಸ 44 ಮೀಟರ್ ಎಂದು ಕಲಿಸುತ್ತೇನೆ. ಆ ವರ್ಷಗಳಲ್ಲಿ ಸುಲ್ತಾನನನ್ನು ಎತ್ತಿ ಕೂಡ್ರಿಸಿದವರು, ಉಣಿಸಿದವರು ಯಾರೆಂದು ನಮ್ಮ ಪಾಠದಲ್ಲಿ ಇಲ್ಲ. ಆರೈಕೆ ಮಾಡುವವರ ಹೆಸರು ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ.

22 ಡಿಸೆಂಬರ್, ಭಾನುವಾರ

ಅಣ್ಣ, ವೈನಿ ಬಂದಿದ್ದರು. ನರ್ಸಿಂಗ್ ಹೋಮಿನ ಮಾತು ತೆಗೆದ ಕೂಡಲೇ ಅಣ್ಣನ ಮುಖ ಬಾಡಿತು.

"ಊರಾಗ ಮಂದಿ ಏನಂತಾರ? ಮಗ ಇದ್ದೂ ಅವ್ವನ್ನ ಎಲ್ಲೋ ಬಿಟ್ಟು ಬಂದ ಅಂತಾರ."

ಉತ್ತರ ಕೊಟ್ಟವಳು ವೈನಿ. "ಮಂದಿ ಎರಡು ತಾಸಿಗೊಮ್ಮೆ ಬಂದು ಅತ್ತಿನ್ನ ಹೊಳ್ಳಸ್ತಾರೇನ್ರಿ? ನಾ ಮಾಡ್ತೀನಿ ಅಂದ್ರೂ ನನ್ನ ಸೊಂಟ ತಡೀಬೇಕಲ್ಲ. ಕಾಲ ಮ್ಯಾಲ ನಿಂತ್ಕೋಲಿ, ಆಮ್ಯಾಲ ನಮ್ಮ ಮನಿಗೇ ಬರಲಿ. ನಾನ ನೋಡ್ಕೋತೀನಿ." ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅಣ್ಣನ ಎದುರು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ಸರಿ.

ಆಮೇಲೆ ಅವ್ವನನ್ನು ಕೇಳಿದೆವು. ಎಲ್ಲರೂ ಮಂಚದ ಸುತ್ತ ಕೂತು, ಆ ಜಾಗ ಹೇಗಿದೆ, ಎಷ್ಟು ದಿನ, ಯಾರು ಯಾವಾಗ ಬರುತ್ತೇವೆ, ಖರ್ಚು ಯಾರದು ಎಂದು ಒಂದೂ ಮುಚ್ಚಿಡದೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ತೊದಲುತ್ತ, ಒಂದೊಂದೇ ಮಾತು:

"ನೈಟಿ ಬ್ಯಾಡ. ಸೀರಿ ಉಡಸ್ಲಿ. ... ತಲಿ ದಿನಾ ಬಾಚ್ಲಿ. ... ಪೂಜಿ ಆಗೂ ಮಟಾ ಉಣಸಬ್ಯಾಡ್ರಿ."

ಪೂಜೆಯ ಮಾತಿಗೆ ನನ್ನ ಕಣ್ಣು ತುಂಬಿದವು. ಇಷ್ಟಲಿಂಗ ಇಟ್ಟುಕೊಳ್ಳುವುದು ಎಡಗೈಯ ಅಂಗೈಯಲ್ಲಿ. ಲಕ್ವಾ ಹೊಡೆದಂದಿನಿಂದ ಅವ್ವ ಕೊರಳ ಕರಡಿಗೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಬಿಚ್ಚುವುದಿಲ್ಲ. ಯಾಕೆಂದು ಇವತ್ತು ತಿಳಿಯಿತು.

ಸಂಜೆ ಸಿಸ್ಟರಿಗೆ ಫೋನ್ ಮಾಡಿ ಕೇಳಿದೆ. ಅವರು ಮುಸ್ಲಿಂ ಹೆಣ್ಣುಮಗಳು. "ಅದಕ್ಕೇನ್ರಿ ಟೀಚರ, ಎಡಗೈ ಕೆಳಗ ದಿಂಬು ಇಟ್ಟು ಅಂಗೈ ನಾ ಹಿಡಕೋತೀನಿ. ನನ್ನ ಮುಟ್ಟಸ್ಕೊಳ್ಳಾಕ ಅಮ್ಮಾರಿಗೆ ಅಡ್ಡಿ ಇದ್ರ ಹೇಳ್ರಿ, ಬ್ಯಾರೆಯವ್ರನ್ನ ಕರೀತೀನಿ," ಎಂದರು. ಅವ್ವನಿಗೆ ಹೇಳಿದೆ. "ಹಿಡೀಲಿ," ಎಂದಳು.

24 ಡಿಸೆಂಬರ್, ಮಂಗಳವಾರ

ಸೇರಿಸಿದೆವು. ಸೀರೆ, ವಿಭೂತಿ ಗಟ್ಟಿ, ಬಾಚಣಿಗೆ, ಮಾತ್ರೆಗಳ ಪಟ್ಟಿ. ಏರ್‌ಬೆಡ್ ಪಂಪಿಗೆ ಇವರು ಒಂದು ಸಣ್ಣ ಇನ್ವರ್ಟರ್ ತಂದು ಕೂಡಿಸಿದರು. ಕರೆಗಂಟೆಯ ವೈರು ಉದ್ದ ಮಾಡಿಸಿ ಬಲಗೈಗೆ ಎಟುಕುವಂತೆ ಕಟ್ಟಿಸಿದೆ. ಅವ್ವ ಒತ್ತಿ ನೋಡಿದಳು, ಆಯಾ ಓಡಿ ಬಂದಳು. ಇನ್ನೊಮ್ಮೆ ಒತ್ತಿದಳು.

30 ಡಿಸೆಂಬರ್, ಸೋಮವಾರ. ಎಳ್ಳಮಾವಾಸ್ಯೆ

ಅಣ್ಣ ನಸುಕಿನಲ್ಲೇ ಹೊಲಕ್ಕೆ ಚರಗ ಚೆಲ್ಲಿ, ಬುತ್ತಿ ಕಟ್ಟಿಸಿಕೊಂಡು ಬಂದಿದ್ದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಲೆ, ಎಣಗಾಯಿ. ರೊಟ್ಟಿ ಅವ್ವನ ಗಂಟಲಿಗೆ ಈಗ ಅಪಾಯ. ಆಯಾ ಹೋಳಿಗೆಯ ಹೂರಣ ತೆಗೆದು ಹಾಲಿನಲ್ಲಿ ನುಣ್ಣಗೆ ಕಿವುಚಿ, ಬೆನ್ನು ನೆಟ್ಟಗೆ ಕೂಡ್ರಿಸಿ, ಚಮಚ ಅವ್ವನ ಬಲಗೈಗೇ ಕೊಟ್ಟಳು. ಅರ್ಧ ಸೀರೆಯ ಮೇಲೆ ಚೆಲ್ಲಿತು. ತಾನೇ ಉಂಡೆ ಎಂಬ ಸಮಾಧಾನ ಅವ್ವನ ಮುಖದಲ್ಲಿತ್ತು. ಅವಸರ ಮಾಡಿ ಉಣಿಸಿದ್ದರೆ ಐದು ನಿಮಿಷದ ಕೆಲಸ. ಅರ್ಧ ಗಂಟೆ ಕಾಯುವ ಆಯಾ ಇದ್ದ ಜಾಗವನ್ನು ಆರಿಸಿಕೊಂಡದ್ದಕ್ಕೆ ನೆಮ್ಮದಿಯಾಯಿತು.

2 ಜನವರಿ 2025, ಗುರುವಾರ

ಇಲ್ಲಿಯ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವರು ಲಿಂಗೈಕ್ಯರಾಗಿ ಇವತ್ತಿಗೆ ಎರಡು ವರ್ಷ. ಅವ್ವ ಅವರ ಪ್ರವಚನ ಬಿಡದೆ ಕೇಳಿದವಳು. ಕೊನೆಯ ದಿನಗಳಲ್ಲಿ ಅವರು ಆಶ್ರಮ ಬಿಟ್ಟು ಹೋಗಲಿಲ್ಲ, ಡಾಕ್ಟರುಗಳೇ ಅಲ್ಲಿಗೆ ಬಂದು ನೋಡಿದರು. ತಮ್ಮ ದೇಹವನ್ನು ಅಗ್ನಿಗೆ ಕೊಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು.

"ಅಪ್ಪಾವ್ರು... ಮೊದಲ ಬರದ ಇಟ್ರು. ನಂದೂ ಬರಕೋ," ಎಂದಳು ಅವ್ವ.

ಬರೆದುಕೊಂಡೆ. ಮತ್ತೊಮ್ಮೆ ಹೊಡೆದು ಎಚ್ಚರ ತಪ್ಪಿದರೆ, ಬದುಕುವ ಆಸೆ ಇಲ್ಲವೆಂದು ಡಾಕ್ಟರು ಹೇಳಿದರೆ, ಉಸಿರಿನ ಯಂತ್ರ ಹಚ್ಚಬಾರದು. ಹೊಲದ ಮನೆಗೆ ಒಯ್ಯಬೇಕು. ವಕೀಲ ಹುಡುಗನಿಗೆ ಕೇಳಿದೆ. ಇಂಥ ಮುಂಗಡ ಬರಹಕ್ಕೆ ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯತೆ ಕೊಟ್ಟಿದೆ. 2023ರಲ್ಲಿ ನಿಯಮ ಸರಳ ಮಾಡಿ, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕು ಎಂದಿದೆ. ಅವ್ವನ ಬಲಗೈ ಸಹಿ ಮಾಡುತ್ತದೆ. ಅಣ್ಣನೂ ನಾನೂ ಓದಿ ಒಪ್ಪಿದೆವು. ಇಲ್ಲಿಯ ಡಾಕ್ಟರಿಗೂ ಒಂದು ಪ್ರತಿ ಕೊಡಬೇಕು.

6 ಜನವರಿ, ಸೋಮವಾರ

ಎಡ ಹಿಮ್ಮಡಿ ಕೆಂಪು. ಒತ್ತಿದೆ, ಬಿಳಚಲಿಲ್ಲ. ಹಾಳೆ ನೋಡಿದರೆ ನಿನ್ನೆ ರಾತ್ರಿ ಎರಡು ಗಂಟೆಯ ಸಾಲು ಖಾಲಿ.

ಕೂಗಾಡಲಿಲ್ಲ. ಸಿಸ್ಟರನ್ನು ಕರೆದು ಹಿಮ್ಮಡಿ ತೋರಿಸಿ, ಹಾಳೆ ತೋರಿಸಿದೆ. ನೆಪ ಹೇಳಲಿಲ್ಲ. ನಿನ್ನೆ ಒಬ್ಬ ಆಯಾ ಬಂದಿರಲಿಲ್ಲ, ಇನ್ನೊಬ್ಬಳು ಎಮರ್ಜೆನ್ಸಿ ಕೇಸಿಗೆ ನಿಂತಿದ್ದಳು ಎಂದರು. ತಕ್ಷಣ ಹಿಮ್ಮಡಿ ಹಾಸಿಗೆ ಮುಟ್ಟದಂತೆ ಕಾಲಡಿ ದಿಂಬು ಇಟ್ಟರು. ಡಾಕ್ಟರು ಬಂದು ನೋಡಿದರು. ಆಯಾ ಬಾರದ ರಾತ್ರಿ ಮನೆಯವರಿಗೆ ಎಂಟು ಗಂಟೆಯೊಳಗೆ ಫೋನ್ ಮಾಡುವುದು, ನಮ್ಮಲ್ಲೊಬ್ಬರು ಬಂದು ಮಲಗುವುದು ಎಂದು ಇಬ್ಬರೂ ಒಪ್ಪಿ ಬರೆದೆವು.

ತಪ್ಪೇ ಆಗದ ಜಾಗ ಸಿಗಲಾರದು. ತಪ್ಪು ತೋರಿಸಿದಾಗ ಹಾಳೆಯನ್ನು ಮುಚ್ಚಿಡುತ್ತಾರೋ, ಕಾಲಡಿ ದಿಂಬು ಇಡುತ್ತಾರೋ ಎಂಬುದರಿಂದ ಜಾಗದ ಗುಣ ತಿಳಿಯುತ್ತದೆ.

9 ಜನವರಿ, ಗುರುವಾರ

ಹಿಮ್ಮಡಿ ತಿಳಿಯಾಗಿದೆ.

ಶಾಲೆಯ ಗುಮಾಸ್ತರು ಬಂದರು. ಅವರ ಮಾವನಿಗೆ ಸೊಂಟದ ಎಲುಬು ಮುರಿದಿದೆ. "ಟೀಚರ, ನೀವು ಏನೇನ್ ನೋಡಿದ್ರಿ, ಬರದ ಕೊಡ್ರಿ," ಎಂದರು. ಕೊಟ್ಟದ್ದನ್ನು ಇಲ್ಲೂ ಇಡುತ್ತೇನೆ.

ಒಮ್ಮೆ ಹಗಲು, ಒಮ್ಮೆ ರಾತ್ರಿ ಹೇಳದೆ ಹೋಗಿರಿ. ಎ.ಸಿ., ಟಿ.ವಿ. ನೋಡಬೇಡಿ, ಈಗಾಗಲೇ ಅಲ್ಲಿರುವವರ ಉಗುರು, ತುಟಿ, ಹಿಮ್ಮಡಿ ನೋಡಿರಿ. ಒಣಗಿದ ತುಟಿ ಎಂದರೆ ನೀರು ಕುಡಿಸುವವರಿಲ್ಲ. ಮಗ್ಗುಲು ಬದಲಿಸಿದ ಹಾಳೆ ಕೇಳಿರಿ. ರಾತ್ರಿ ಎಷ್ಟು ಜನರಿಗೆ ಎಷ್ಟು ಆಯಾಗಳು ಎಂದು ಅಂಕಿಯಲ್ಲೇ ಉತ್ತರ ಪಡೆಯಿರಿ. ಯಾರ ಕೈಯನ್ನಾದರೂ ಕಟ್ಟಿದ್ದಾರೆಯೇ ನೋಡಿರಿ. ಊಟದ ಹೊತ್ತಿಗೆ ನಿಂತು, ಕೂಡ್ರಿಸಿ ಉಣಿಸುತ್ತಾರೋ ಮಲಗಿಸಿ ಉಣಿಸುತ್ತಾರೋ ನೋಡಿರಿ. ನೋಂದಣಿ ಪತ್ರ, ದರಪಟ್ಟಿ, ನೀರು, ಕರೆಂಟು. ಮನೆಯವರು ಯಾವ ಹೊತ್ತಿಗೂ ಬರಬಹುದೇ ಎಂದು ಕೇಳಿರಿ. ಹೊತ್ತು ಗೊತ್ತು ಮಾಡಿ ಬಾಗಿಲು ಹಾಕುವ ಕಡೆ ಎಚ್ಚರ. ಆಯಾಳೊಂದಿಗೆ ಮಾತಾಡಿರಿ, ಮ್ಯಾನೇಜರ್ ಜೊತೆ ಆಮೇಲೆ. ಕೊನೆಗೆ ಮಾವನನ್ನೇ ಕೇಳಿರಿ.

14 ಜನವರಿ, ಮಂಗಳವಾರ. ಸಂಕ್ರಮಣ

ಸಿದ್ಧೇಶ್ವರ ಗುಡಿಯ ಜಾತ್ರೆಯ ಗದ್ದಲದಲ್ಲಿ ಆಟೋ ಸಿಗದೆ ನಡೆದೇ ಹೋದೆ. ಅವ್ವ ಇವತ್ತು ಸರಳು ಹಿಡಿದು, ಫಿಜಿಯೋ ಮೊಣಕಾಲಿಗೆ ಆಸರೆ ಕೊಟ್ಟಾಗ, ಇಪ್ಪತ್ತು ಎಣಿಸುವ ತನಕ ನಿಂತಳು. ಎಡಗೈಯ ಹೆಬ್ಬೆರಳು ಸ್ವಲ್ಪ ಮಿಸುಕುತ್ತದೆ. ಹೀಗೇ ನಡೆದರೆ ಫೆಬ್ರವರಿ ಕೊನೆಗೆ ಹೊಲದ ಮನೆಗೆ. ಅಣ್ಣ ಈಗಾಗಲೇ ಬಾಗಿಲ ಹೊಸ್ತಿಲು ಒಡೆಸಿ ಇಳಿಜಾರು ಮಾಡಿಸಿದ್ದಾನೆ, ಸಂಡಾಸಿಗೆ ಎರಡೂ ಕಡೆ ಹಿಡಿಕೆ ಹಾಕಿಸಿದ್ದಾನೆ. ವೈನಿ ವಾರಕ್ಕೊಮ್ಮೆ ಬಂದು ಆಯಾಳಿಂದ ಹೊಳ್ಳಿಸುವುದು, ಎಬ್ಬಿಸುವುದು ಕಲಿಯುತ್ತಿದ್ದಾಳೆ.

ನಮಗೆ ಎರಡು ಸಂಬಳ ಇತ್ತು, ಅಣ್ಣನ ದ್ರಾಕ್ಷಿ ಇತ್ತು, ಅಲೆದು ಕೇಳುವ ಧೈರ್ಯ ಇತ್ತು. ಕೂಲಿಗೆ ಹೋಗುವ ಮನೆಯಲ್ಲಿ ಅವ್ವ ಬಿದ್ದರೆ? ಮಗ ಕೆಲಸ ಬಿಡಬೇಕು ಅಥವಾ ಅವ್ವನ ಬೆನ್ನು ಹುಣ್ಣಾಗಬೇಕು. ಬೇರೆ ದಾರಿ ಈ ಜಿಲ್ಲೆಯಲ್ಲಿ ನನಗೆ ಕಾಣಲಿಲ್ಲ.

ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇನೆ, ಸ್ಟಾಫ್ ರೂಮಿನ ಎಲ್ಲರೂ ಸಹಿ ಹಾಕಿದ್ದಾರೆ. ಕೇಳಿದ್ದು ಇಷ್ಟೇ: ಹೊಸ ತಾಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರದ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಮುಗಿದ ಮೇಲೂ ಮನೆಗೆ ಹೋಗಲಾಗದ ಹಿರಿಯರಿಗೆಂದು ಹತ್ತು ಹತ್ತು ಹಾಸಿಗೆ, ಪ್ರತಿ ಕಡೆ ಒಬ್ಬ ಫಿಜಿಯೋ, ರಾತ್ರಿಗೆ ತರಬೇತಿ ಪಡೆದ ಇಬ್ಬರು ಆಯಾಗಳು, ಮನೆಯವರಿಗೆ ಆರೈಕೆ ಕಲಿಸುವ ವ್ಯವಸ್ಥೆ, ಆಮೇಲೆ ಮನೆಗೆ ಬಂದು ನೋಡುವ ಒಬ್ಬ ನರ್ಸ್. ಆಯಾಗಳಿಗೆ ಬದುಕಲು ಸಾಕಾಗುವ ಸಂಬಳ. ನಾಳೆ ಶಾಲೆ ಬಿಟ್ಟ ಮೇಲೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುತ್ತೇನೆ.